ಬ್ರೆಡ್ಡಿಗಿಂತ ಒಂದು ಹಿಡಿ ಕಡಲೆಬೀಜ ಮೇಲು

ಸಂಜೆಯ ಹಸಿವಿಗೆ ಬೀಜಗಳಿಗಿಂತ ಬ್ರೌನ್ ಬ್ರೆಡ್ ಹಗುರ, ಅದೇ ಒಳ್ಳೆಯದು ಅಂತ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಬ್ರೆಡ್ ಪ್ಯಾಕೆಟ್ಟಿನ ಹಿಂಭಾಗ ಒಮ್ಮೆ ಓದಿ ನೋಡಿ. ಎಷ್ಟೋ ಬ್ರೌನ್ ಬ್ರೆಡ್‌ಗಳಲ್ಲಿ ಮೊದಲ ಹೆಸರೇ ಮೈದಾ, ಬಣ್ಣ ಕ್ಯಾರಮೆಲ್‌ನದು. ಪಟ್ಟಿಯಲ್ಲಿ ಮೊದಲು ಬರೆದಿರುವುದೇ ಒಳಗೂ ಜಾಸ್ತಿ ಇರುತ್ತದೆ, ಅಲ್ವಾ?

30 ಗ್ರಾಂ ಕಡಲೆಬೀಜದಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇದೆ, ಜೊತೆಗೆ ನಾರು. ಕ್ಯಾಲರಿ ಸುಮಾರು 170, ಹಾಗಾಗಿ ಒಂದು ಹಿಡಿ ಸಾಕು. ದುಬಾರಿ ಬಾದಾಮಿಯೇ ಬೇಕು ಅಂತೇನಿಲ್ಲ.

ನಮ್ಮ ಅಮ್ಮನಿಗೆ ಶುಗರ್ ಇದೆ. ಎರಡು ಸ್ಲೈಸ್ ತಿಂದರೂ ಗಂಟೆಯೊಳಗೆ ಮತ್ತೆ ಡಬ್ಬಿ ತಡಕುತ್ತಿದ್ದರು. ಈಗ ಉಪ್ಪು ಹಾಕದೆ ಹುರಿದ ಬೀಜ, ಸಿಪ್ಪೆ ಸಮೇತ ಕೊಡುತ್ತೇವೆ. ರಾತ್ರಿ ಊಟದವರೆಗೂ ಹಸಿವು ತಡೆಯುತ್ತದೆ. ಅಲರ್ಜಿ ಇರುವವರಿಗೆ ಮಾತ್ರ ಇದು ಬೇಡವೇ ಬೇಡ.