ಪಾವಿನ ಭಟ್ಟಿ ಮತ್ತು ಮುಂಬಯಿಯ ಗಾಳಿ

ಮುಂಬಯಿಯ ಬೇಕರಿಗಳಲ್ಲಿ ಪಾವ್ ಬೇಯಿಸುವ ಸೌದೆ ಭಟ್ಟಿಗಳನ್ನು ನಿಲ್ಲಿಸಬಾರದೆಂದು ವಾದಿಸುವ ಲೇಖನವೊಂದನ್ನು ಓದಿದೆ. ಸೌದೆ ಭಟ್ಟಿ ನಿಂತರೆ ವಡಾಪಾವಿನ ರುಚಿಯೇ ಕೆಡುತ್ತದೆ ಎಂಬ ಅದರ ಲೇಖಕರ ಆತಂಕ ಅರ್ಥವಾಗುತ್ತದೆ, ಆದರೆ ಆ ಭಟ್ಟಿಗಳ ಹೊಗೆಯನ್ನು ದಿನವೂ ಉಸಿರಾಡುವವರ ಪ್ರಸ್ತಾಪ ಲೇಖನದಲ್ಲಿ ಎಲ್ಲೂ ಇಲ್ಲ. ಅಗ್ಗವೆಂಬ ಕಾರಣಕ್ಕೆ ಅನೇಕ ಬೇಕರಿಗಳಲ್ಲಿ ಹಳೆಯ ಕಪಾಟು, ಬಾಗಿಲುಗಳ ಹಲಗೆಗಳನ್ನೂ ಪ್ಲೈವುಡ್ ಚೂರುಗಳನ್ನೂ ಉರಿಸುತ್ತಾರೆ. ಅವುಗಳ ಬಣ್ಣ ಮತ್ತು ಅಂಟು ಸುಟ್ಟು ಏಳುವ ಹೊಗೆ ಬರಿಯ ಸೌದೆಯ ಹೊಗೆಗಿಂತಲೂ ಅಪಾಯಕಾರಿ. ನಮ್ಮ ಚಾಳಿನ ಹಿಂದಿನ ಬೇಕರಿಯಲ್ಲಿ ನಸುಕಿಗೆ ಭಟ್ಟಿ ಹೊತ್ತಿದರೆ, ಬೆಳಗಾಗುವಷ್ಟರಲ್ಲಿ ಕಿಟಕಿಯ ಸರಳುಗಳ ಮೇಲೆ ಮಸಿ ಕೂತಿರುತ್ತದೆ. ಇಂಥ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸ್ ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ನೀಡಿದ ಆದೇಶ ನ್ಯಾಯವಾದದ್ದೇ. ಗ್ಯಾಸಿನ ಒಲೆಯ ಮೇಲೆ ಬೇಯುವ ಮಾಟುಂಗದ ನಮ್ಮ ಉಡುಪಿ ಹೋಟೆಲುಗಳ ಇಡ್ಲಿ, ದೋಸೆಗೆ ಜನ ಇಂದಿಗೂ ಸರದಿಯಲ್ಲಿ ನಿಲ್ಲುತ್ತಾರಲ್ಲವೇ? ಹೊಸ ಭಟ್ಟಿಯ ಖರ್ಚು ಭರಿಸಲಾಗದ ಸಣ್ಣ ಬೇಕರಿಯವರಿಗೆ ಮಾತ್ರ ಸರ್ಕಾರ ಕಡಿಮೆ ಬಡ್ಡಿಯ ಸಾಲ ಕೊಡಲೇಬೇಕು.