ಮೂಲ್ಕಿಗೆ ಹೋಗುವುದಾದರೆ ಸುಮ್ನೆ ಹೋಗಿ

ಮುಂಬೈಯವರು ರಜೆ ಹಾಕುವ ರೀತಿ ನನಗೆ ಇಷ್ಟ. ಗುರುವಾರ ಸಂಜೆ ಯಾರೋ ಒಬ್ಬರು ಹತ್ತಿರದ ಕಡಲತೀರ ಅಲಿಬಾಗಿಗೆ ಹೋಗೋಣ ಅಂದರೆ ರಾತ್ರಿಯೊಳಗೆ ವಾಟ್ಸಾಪ್ ಗ್ರೂಪ್ ರೆಡಿ, ರೂಮ್ ಬುಕ್, ಯಾರು ಎಷ್ಟು ಕೊಡಬೇಕು ಅನ್ನುವ ಲೆಕ್ಕವೂ ಮುಗಿದಿರುತ್ತದೆ. ನಾನು ದಾವಣಗೆರೆ ಕಡೆಯವನು, ಈಗ ಠಾಣೆಯಲ್ಲಿದ್ದೇನೆ. ಚಹಾದ ದುಡ್ಡನ್ನೂ ಐದು ಪಾಲು ಮಾಡುವುದನ್ನು ನೋಡಿ ಮೊದಲು ಮುಜುಗರವಾಗುತ್ತಿತ್ತು. ಈಗ ಅದೇ ಸರಿ ಅನಿಸುತ್ತದೆ. ಯಾರಿಗೂ ಯಾರ ಹಂಗಿಲ್ಲ. ಸೋಮವಾರ ಆಫೀಸಿನಲ್ಲಿ 'ಎಲ್ಲಿ ಹೋಗಿದ್ರಿ' ಅಂತ ಕೇಳಿದರೆ 'ಎಲ್ಲೂ ಇಲ್ಲ, ಸಮುದ್ರದ ಹತ್ತಿರ ಬಿದ್ದುಕೊಂಡಿದ್ದೆ' ಅಂತ ಯಾವ ಸಂಕೋಚವೂ ಇಲ್ಲದೆ ಹೇಳುತ್ತಾರೆ.

ನಮ್ಮವರಿಗೆ ಇದು ಬರುವುದಿಲ್ಲ. ಮುಂಬೈಯಲ್ಲಿರುವ ಕನ್ನಡಿಗರಲ್ಲಿ ಕರಾವಳಿಯವರು ಜಾಸ್ತಿ ಅಲ್ವಾ, ಅವರಲ್ಲಂತೂ 'ಊರಿಗೆ ಹೋಗುತ್ತೇನೆ' ಅಂದರೆ ಅದು ರಜೆಯೇ ಅಲ್ಲ. ಒಂದು ಮದುವೆ, ಒಂದು ಕೋಲ, ಪಹಣಿ ತಿದ್ದುಪಡಿಗೆ ತಾಲೂಕು ಕಚೇರಿ, ನಡುವೆ ನಾಲ್ಕು ಮನೆಯ ಊಟ. ಸಮುದ್ರ ಕೂಗಳತೆಯಲ್ಲಿದ್ದರೂ ಕಾಲು ಒದ್ದೆ ಮಾಡಿಕೊಳ್ಳದೆ ವಾಪಸ್ ರೈಲು ಹತ್ತುತ್ತಾರೆ. ನನ್ನ ಹೆಂಡತಿಯ ತವರು ಕಿನ್ನಿಗೋಳಿ ಹತ್ತಿರ. ಅಲ್ಲೇ ಹತ್ತಿರದ ಮೂಲ್ಕಿಯಲ್ಲಿ ಹೋಮ್‌ಸ್ಟೇ ಹಿಡಿದು ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆ ಸವಾರಿ, ಕಲಿಯುತ್ತೇವೆ ಅಂದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: 'ಮನೆ ಇರುವಾಗ ದುಡ್ಡು ಕೊಟ್ಟು ಉಳಿಯುವುದಾ?' ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ಆದರೂ ಮೂಲ್ಕಿಗೇ ಹೋಗಿ ಅನ್ನುತ್ತೇನೆ, ಗೋವಾಕ್ಕಲ್ಲ. ಗೋವಾದಲ್ಲಿ ಅಲೆ ಇಲ್ಲ ಅಂತಲ್ಲ. ಉತ್ತರದ ಮೋರ್ಜಿಂ, ಅಶ್ವೆಂ, ಅರಂಬೋಲ್ ಕಡೆ ಕಲಿಸುವವರಿದ್ದಾರೆ, ಮೋಪಾ ವಿಮಾನ ನಿಲ್ದಾಣ ಆದ ಮೇಲೆ ಅದು ಇನ್ನೂ ಹತ್ತಿರವಾಗಿದೆ. ತೊಂದರೆ ಬೇರೆ. ಗೋವಾ ಅಂದ ಕೂಡಲೇ ಮುಂಬೈಯವರ ಪಟ್ಟಿ ಬೆಳೆಯುತ್ತದೆ. ಬೆಳಗ್ಗೆ ಸರ್ಫಿಂಗ್, ಮಧ್ಯಾಹ್ನ ಕೋಟೆ, ಸಂಜೆ ಯಾವುದೋ ಹೆಸರುವಾಸಿ ಜಾಗದಲ್ಲಿ ಸೂರ್ಯಾಸ್ತ, ರಾತ್ರಿ ಎರಡು ಗಂಟೆವರೆಗೆ ಪಾರ್ಟಿ. ಮಾರನೇ ದಿನ ಬೆಳಗ್ಗೆ ಏಳಕ್ಕೆ ಬೋರ್ಡ್ ಹಿಡಿಯಬೇಕಾದವರು ಹನ್ನೊಂದಕ್ಕೆ ಕಣ್ಣುಜ್ಜಿಕೊಂಡು ಬರುತ್ತಾರೆ. ಅಷ್ಟೊತ್ತಿಗೆ ಸಮುದ್ರದ ಕಥೆ ಮುಗಿದಿರುತ್ತದೆ.

ಯಾಕೆ ಅಂದರೆ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಬೆಳಗಿನ ಜಾವ ಗಾಳಿ ನೆಲದಿಂದ ಸಮುದ್ರದ ಕಡೆ ಮೆಲ್ಲಗೆ ಬೀಸುತ್ತದೆ, ಇಲ್ಲವೇ ಗಾಳಿಯೇ ಇರುವುದಿಲ್ಲ. ಅಲೆ ನೀಟಾಗಿ ಎದ್ದು, ನೀಟಾಗಿ ಮುರಿಯುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ, ಸಮುದ್ರದಿಂದ ದಡಕ್ಕೆ ಬೀಸುತ್ತದೆ, ನೀರೆಲ್ಲ ಕಲಕಿದ ಹಾಗೆ ಆಗುತ್ತದೆ. ಅಂದರೆ ಎರಡು ದಿನದ ರಜೆಯಲ್ಲಿ ನಿಮಗೆ ಸಿಗುವುದು ಎರಡು ಬೆಳಗು ಮಾತ್ರ. ಅವೆರಡನ್ನು ಬಿಗಿಯಾಗಿ ಹಿಡಿದುಕೊಂಡು ಉಳಿದದ್ದನ್ನು ಖಾಲಿ ಬಿಟ್ಟರೆ ಆಯಿತು, ಅದೇ ಪ್ಲಾನು. ಅಲಿಬಾಗಿನಲ್ಲಿ ಸಮುದ್ರದೊಳಗಿನ ಕುಲಾಬಾ ಕೋಟೆಗೆ ನಡೆದುಹೋಗಲು ಇಳಿತದ ಟೈಮ್ ನೋಡಿ ಹೊರಡುವ ಇದೇ ಮುಂಬೈಯವರು, ನೀರಿಗಿಳಿಯುವಾಗ ಮಾತ್ರ ಯಾಕೆ ನೋಡುವುದಿಲ್ಲವೋ ಗೊತ್ತಿಲ್ಲ.

ಮೂಲ್ಕಿಯಲ್ಲಿ ಹಾಗಲ್ಲ, ಅಲ್ಲಿ ರಾತ್ರಿ ಎದ್ದಿರಲು ಕಾರಣವೇ ಇಲ್ಲ. ಮಂಗಳೂರಿನಿಂದ ಸುಮಾರು 30 ಕಿಲೋಮೀಟರ್ ಉತ್ತರಕ್ಕಿರುವ ಸಣ್ಣ ಪೇಟೆ. ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ, ಹೆದ್ದಾರಿ, ಶಾಂಭವಿ ಹೊಳೆ, ತೆಂಗಿನ ತೋಟ. ಅಮೆರಿಕದಿಂದ ಬಂದು ಇಲ್ಲಿ ನೆಲೆಸಿದ, ಎಲ್ಲರೂ ಸರ್ಫಿಂಗ್ ಸ್ವಾಮಿ ಅಂತ ಕರೆಯುತ್ತಿದ್ದ ಜ್ಯಾಕ್ ಹೆಬ್ನರ್ ಶುರು ಮಾಡಿದ ಮಂತ್ರ ಸರ್ಫ್ ಕ್ಲಬ್ಬಿನಿಂದ ಈ ಊರಿನ ಹೆಸರು ಹೊರಗೆ ಹೋಯಿತು. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಶಾಂಭವಿ, ನಂದಿನಿ ಎರಡೂ ಸಮುದ್ರ ಸೇರುವ ಅಳಿವೆ ಅದು. ನೋಡಲು ಬಹಳ ಚೆಂದ, ಆದರೆ ಇಳಿತದ ಹೊತ್ತಿಗೆ ಹೊಳೆಯ ನೀರು ಹೊರಗೆ ಎಳೆಯುತ್ತದೆ. ಗೊತ್ತಿಲ್ಲದವರು ಸ್ವಂತ ಧೈರ್ಯದ ಮೇಲೆ ಅಲ್ಲಿ ಇಳಿಯಬಾರದು, ಈಜು ಬಂದರೂ.

ಕಲಿಸುವವರಲ್ಲಿ ಅಲ್ಲಿಯದೇ ಹುಡುಗರಿದ್ದಾರೆ, ಇಡೀ ಪ್ರವಾಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಇದು. ಮೊದಲು ಮರಳಿನ ಮೇಲೇ ಬೋರ್ಡ್ ಇಟ್ಟು ಮಲಗಿಸುತ್ತಾರೆ. ಕೈ ಎದೆಯ ಪಕ್ಕ, ಒಂದೇ ಏಟಿಗೆ ಎದ್ದು ನಿಲ್ಲಬೇಕು, ಮೊಣಕಾಲು ಊರಬಾರದು. ಹಿಂದಿನ ಕಾಲಿಗೆ ಬೋರ್ಡಿನ ಹಗ್ಗ ಕಟ್ಟಿ ಸೊಂಟದ ನೀರಿಗೆ ಕರೆದುಕೊಂಡು ಹೋಗಿ, ಬೆನ್ನ ಹಿಂದೆ ನೊರೆ ಬರುವವರೆಗೆ ಬೋರ್ಡ್ ಹಿಡಿದುಕೊಂಡಿದ್ದು ತಳ್ಳುತ್ತಾರೆ. 'ಸರ್, ಕಾಲು ನೋಡ್ಬೇಡಿ, ದಡ ನೋಡಿ ಮಾರಾಯ್ರೆ' ಅಂತ ತುಳು ರಾಗದ ಕನ್ನಡದಲ್ಲಿ ಕೂಗು. ಕಾಲು ನೋಡಿದವನು ಬೀಳುತ್ತಾನೆ. ನಾನು ನೋಡಿದೆ, ಬಿದ್ದೆ. ಎರಡು ಗಂಟೆಯಲ್ಲಿ ಭುಜ ಸೋತುಹೋಗುತ್ತದೆ. ಮಧ್ಯಾಹ್ನ ನೀರುದೋಸೆ ತಿನ್ನಲು ಬಗ್ಗಿದರೆ ಮೂಗಿನಿಂದ ಬೆಳಗಿನ ಉಪ್ಪುನೀರು ತಟ್ಟೆಗೇ ಇಳಿಯುತ್ತದೆ. ತಮಾಷೆ ಅಲ್ಲ, ಕರ್ಚೀಫು ಜೊತೆಗಿರಲಿ. ಊಟ ಆದ ಮೇಲೆ ಬರುವ ನಿದ್ದೆ ಇದೆಯಲ್ಲ, ಅದು ಯಾವ ರೆಸಾರ್ಟಿನ ಹಾಸಿಗೆಯಲ್ಲೂ ಬರುವುದಿಲ್ಲ.

ಹೋಗುವುದೂ ಸುಲಭ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಶುಕ್ರವಾರ ಮಧ್ಯಾಹ್ನ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಹೊರಟು ಶನಿವಾರ ಬೆಳಗ್ಗೆ ಮೂಲ್ಕಿಯಲ್ಲಿ ಇಳಿಸುತ್ತದೆ. ಭಾನುವಾರ ಮಧ್ಯಾಹ್ನ ಹತ್ತಿದರೆ ಸೋಮವಾರ ಬೆಳಗ್ಗೆ ಕುರ್ಲಾ. ಅರ್ಧ ದಿನ ರಜೆ ಸಾಕು. ಟಿಕೆಟ್ ಮಾತ್ರ ಗುರುವಾರ ಸಂಜೆಯ ವಾಟ್ಸಾಪ್ ಗ್ರೂಪಿಗೆ ಸಿಗುವುದಿಲ್ಲ, ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ, ಮೇ ತಿಂಗಳಲ್ಲಂತೂ ಊರಿಗೆ ಹೋಗುವವರೇ ತುಂಬಿರುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಯೋಚನೆಯೇ ಬೇಡ. ಮಳೆಗಾಲದ ಸಮುದ್ರ ಹೊಸಬರಿಗಲ್ಲ, ಕೊಂಕಣ ರೈಲೂ ಆಗ ನಿಧಾನ. ಅಕ್ಟೋಬರ್ ದಾಟಿದ ಮೇಲೆ ಅಲೆ ಸಣ್ಣದು, ಕಲಿಯಲು ಅದೇ ಒಳ್ಳೆಯದು.

ಇನ್ನು ನೆಂಟರು. ಬಂದು ಹೋದ ಸುದ್ದಿ ಮುಚ್ಚಿಡಲು ಆಗುವುದಿಲ್ಲ, ಮೂಲ್ಕಿ ಪೇಟೆಯಲ್ಲಿ ಯಾರಾದರೂ ನೋಡಿಯೇ ನೋಡುತ್ತಾರೆ. ಹೇಗೂ ಶನಿವಾರ ಮಧ್ಯಾಹ್ನ ಗಾಳಿ ತಿರುಗಿ ಸಮುದ್ರ ಕೆಟ್ಟಿರುತ್ತದೆ, ನಿದ್ದೆಯೂ ಆಗಿರುತ್ತದೆ. ಸಂಜೆ ಒಂದೇ ಮನೆ ಆರಿಸಿಕೊಂಡು ಹೋಗಿ. ಬರೀ ಚಾ ಸಾಕು, ಊಟ ಬೇಡ, ಬೆಳಗ್ಗೆ ಬೇಗ ಏಳಬೇಕು ಅಂತ ಮೊದಲೇ ಫೋನ್ ಮಾಡಿ ಹೇಳಿ. ನಾವೂ ಹಾಗೇ ಹೇಳಿದ್ದೆವು. ಅತ್ತೆ ಕೋರಿ ರೊಟ್ಟಿ ಮಾಡಿದ್ದರು.