ಒಂದೇ ಪರೀಕ್ಷೆ ಸಾಕು, ಎಂಡೋಸ್ಕೋಪಿ ಬೇಡ ಅನ್ನೋದು ನಿಜವಲ್ಲ

‘ಮಲ ಅಥವಾ ಮೂತ್ರದ ಮೆಟಬೊಲೈಟ್ ಪರೀಕ್ಷೆ ಒಂದಿದ್ದರೆ ಹೊಟ್ಟೆಯ ಎಲ್ಲ ಕಾಯಿಲೆ ಗೊತ್ತಾಗುತ್ತದೆ, ಎಂಡೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಒಳಗಿಳಿಸಿ ನೋಡುವ ಪರೀಕ್ಷೆ) ಬೇಡ’ ಎಂಬ ಸಂದೇಶ ಹರಿದಾಡುತ್ತಿದೆ. ಇದರಲ್ಲಿ ಸ್ವಲ್ಪ ನಿಜವಿದೆ. ಆದರೆ ನಂಬಿ ಕೂತರೆ ಅಪಾಯ.

ದೇಹ ಮತ್ತು ಕರುಳಿನ ಬ್ಯಾಕ್ಟೀರಿಯಾಗಳು ತಿಂದದ್ದನ್ನು ಒಡೆದಾಗ ಹುಟ್ಟುವ ಸಣ್ಣ ಅಣುಗಳೂ ಮೆಟಬೊಲೈಟ್‌ಗಳೇ. ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಇಂಥ ನೂರಾರು ಅಣುಗಳನ್ನು ಒಟ್ಟಿಗೆ ಅಳೆಯಬಲ್ಲದು. ಕರುಳಿನ ಉರಿಯೂತ ಇರುವವರ ಮಲದಲ್ಲಿ, ಬ್ಯಾಕ್ಟೀರಿಯಾಗಳು ನಾರನ್ನು ಒಡೆದಾಗ ಹುಟ್ಟುವ ಬ್ಯುಟಿರೇಟ್ ಎಂಬ ಅಣು ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಊಟದಲ್ಲಿ ನಾರಿನಂಶ ಕಡಿಮೆಯಾದರೂ ಅದು ಇಳಿಯುತ್ತದೆ. ಆಂಟಿಬಯೋಟಿಕ್ ತೆಗೆದುಕೊಂಡರೂ ಇಳಿಯಬಹುದು. ಬರೀ ಆ ಸಂಖ್ಯೆ ನೋಡಿ ಕಾಯಿಲೆ ಇದೇ ಎನ್ನಲು ಆಗುವುದಿಲ್ಲ, ಅಲ್ವಾ?

ಉಸಿರಿನ ಪರೀಕ್ಷೆ ಆಸ್ಪತ್ರೆಗಳಲ್ಲಿ ಈಗಾಗಲೇ ಇದೆಯಲ್ಲ ಎನ್ನಬಹುದು. ಹೌದು, ಇದೆ. ಕಾರ್ಬನ್-13 ಇರುವ ಯೂರಿಯಾ ಕುಡಿಸುತ್ತಾರೆ. ಹೊಟ್ಟೆಯಲ್ಲಿ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದ್ದರೆ ಅದು ಯೂರಿಯಾವನ್ನು ಒಡೆಯುತ್ತದೆ, ಆ ಕಾರ್ಬನ್ ಉಸಿರಿನಲ್ಲಿ ಹೊರಬರುತ್ತದೆ. ಆದರೆ ಅದು ಹುಡುಕುವುದು ಒಂದೇ ಸೋಂಕನ್ನು, ಎಲ್ಲ ಕಾಯಿಲೆಗಳನ್ನಲ್ಲ.

ಕರುಳಿನ ಕ್ಯಾನ್ಸರ್ ಇದೆಯೇ ಎಂದು ಖಚಿತಪಡಿಸಲು ಈಗಲೂ ಬಯಾಪ್ಸಿಯೇ, ಅಂದರೆ ಸಾಮಾನ್ಯವಾಗಿ ಎಂಡೋಸ್ಕೋಪಿಯಲ್ಲಿ ಸಣ್ಣ ಚೂರು ತೆಗೆದು ಮಾಡುವ ಪರೀಕ್ಷೆಯೇ ಬೇಕು. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಸುಮ್ನೆ ದಿನ ದೂಡಬೇಡಿ. ಬೇಗ ವೈದ್ಯರನ್ನು ಕಾಣಿ.